ಬಳ್ಳಾರಿಯ ನೆಲವನ್ನು ಓದಿದವರು

ಪರಿಸರಶಾಸ್ತ್ರವನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಯಬೇಕೆಂಬ ಹಂಬಲ ನಮ್ಮ ಸೀಮೆಯ ತರುಣ ತರುಣಿಯರಲ್ಲಿ ಈಚೆಗೆ ತೋರಿಬರುತ್ತಿದೆ. ಸಂತೋಷದ ಸಂಗತಿಯೇ. ಆದರೆ ಅವರೊಡನೆ ನಾಲ್ಕು ಮಾತು ಆಡಿ ನೋಡಿದರೆ, ಆ ವಿದ್ಯೆಗೂ ತಾವು ಹುಟ್ಟಿ ಬೆಳೆದ ಊರಿಗೂ ಯಾವ ಸಂಬಂಧವೂ ಇಲ್ಲವೆಂಬ ಭಾವನೆ ಅವರ ಮನಸ್ಸಿನಲ್ಲಿ ಬೇರೂರಿರುವುದು ತಿಳಿಯುತ್ತದೆ. ಪರಿಸರವೆಂದರೆ ಸಹ್ಯಾದ್ರಿ, ಆಗುಂಬೆಯ ಮಳೆ, ಆನೆ ಹುಲಿಗಳ ಕಾಡು. ಬಳ್ಳಾರಿಯೆಂದರೆ ಬಿಸಿಲು, ಬಂಡೆ, ಜಾಲಿಯ ಮುಳ್ಳು, ಅದಿರಿನ ಕೆಂಪು ಧೂಳು. ಇಲ್ಲಿ ಓದುವುದಕ್ಕೆ ಏನಿದೆ, ಉಳಿಸುವುದಕ್ಕೆ ತಾನೇ ಏನಿದೆ ಎಂದು ಅವರು ಕೇಳುತ್ತಾರೆ.

ಕನ್ನಡ ಪಾಠ ಹೇಳುವ ನನಗೆ ಆ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ಊರಿನ ಹಳೆಯ ಸಂಗತಿಗಳನ್ನು ತಿರುವಿಹಾಕುವ ಚಪಲವೊಂದಿದೆ. ಆ ಚಪಲದಿಂದ ನಾನು ಕಂಡುಕೊಂಡದ್ದೇನೆಂದರೆ, ನೆಲ, ನೀರು, ಹುಲ್ಲು, ದನ, ಮನುಷ್ಯ ಇವುಗಳ ಪರಸ್ಪರ ಸಂಬಂಧವನ್ನು ವಿಚಾರಿಸುವುದೇ ಪರಿಸರಶಾಸ್ತ್ರವಾದರೆ, ಬಳ್ಳಾರಿಯ ಸುತ್ತಮುತ್ತ ಆ ವಿಚಾರಣೆ ನಡೆದು ಬಂದು ಹತ್ತಿರ ಹತ್ತಿರ ಎರಡು ಶತಮಾನಗಳಾಗಿವೆ. ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಮಹಾಶಯನು ಗ್ರೀಕ್ ಭಾಷೆಯ ಮನೆ ಎಂಬರ್ಥದ ಶಬ್ದದಿಂದ ಈ ಶಾಸ್ತ್ರಕ್ಕೆ ಹೆಸರು ಕಟ್ಟಿದ್ದು 1866ರಲ್ಲಿ. ನಮ್ಮ ಕುಡತಿನಿಯ ಬೂದಿದಿಬ್ಬದ ಮೇಲಿನ ವಾದ ಅದಕ್ಕಿಂತ ಹಳೆಯದು.

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವ ಹಾದಿಯಲ್ಲಿ ಕುಡತಿನಿ ಸಿಕ್ಕುತ್ತದೆ. ಈಗ ಆ ಹೆಸರು ಕೇಳಿದರೆ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳೇ ಎಲ್ಲರಿಗೂ ನೆನಪಾಗುವುವು. ಊರಿನ ಬಳಿ ಗುಡ್ಡಗಳ ನಡುವೆ ಬೂದುಬಣ್ಣದ ದೊಡ್ಡ ದಿಬ್ಬವೊಂದಿದೆ. ಅಗೆದರೆ ಕೆಲವೆಡೆ ಮೆತ್ತನೆಯ ಬೂದಿ, ಕೆಲವೆಡೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ. ಮದ್ರಾಸು ಸೈನ್ಯದ ಅಧಿಕಾರಿ ಕ್ಯಾಪ್ಟನ್ ನ್ಯೂಬೋಲ್ಡನು ಇದನ್ನು ಕಣ್ಣಾರೆ ನೋಡಿ, 1843ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇಂಥ ದಿಬ್ಬಗಳ ಮೇಲೆ ಲೇಖನ ಪ್ರಕಟಿಸಿದನು. ಇದು ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಸ್ಥಳದ ಜನ ಅವನಿಗೆ ಹೇಳಿದರು. ಹಂಪೆಯ ಹತ್ತಿರ ನಿಂಬಾಪುರದಲ್ಲಿರುವ ಇಂಥದೇ ದಿಬ್ಬ ವಾಲಿಯ ಚಿತೆಯೆಂದು ಇಂದಿಗೂ ಪ್ರತೀತಿ. ಹೀಗೆ ನಮ್ಮ ಹಿರಿಯರು ಒಂದು ದಿಬ್ಬವನ್ನು ಭಾರತಕ್ಕೂ ಇನ್ನೊಂದನ್ನು ರಾಮಾಯಣಕ್ಕೂ ಹಂಚಿಕೊಟ್ಟು ನಿಶ್ಚಿಂತರಾಗಿದ್ದರು.

ಪಂಡಿತರು ಅಷ್ಟು ಸುಲಭವಾಗಿ ನಿಶ್ಚಿಂತರಾಗಲಿಲ್ಲ. ಭೂಗರ್ಭದಿಂದ ಉಕ್ಕಿ ಬಂದದ್ದೇ, ಕಬ್ಬಿಣ ಕಾಯಿಸಿದ ಕುಲುಮೆಯ ಕಿಟ್ಟವೇ, ಮನುಷ್ಯರ ದಹನಭೂಮಿಯೇ ಎಂದು ಊಹೆಗಳು ಬೆಳೆದವು. ವಿಜಯನಗರದ ಚರಿತ್ರೆಯನ್ನು ಜಗತ್ತಿಗೆ ಪರಿಚಯಿಸಿದ ರಾಬರ್ಟ್ ಸಿವೆಲ್ ಕೂಡ 1899ರಲ್ಲಿ ಈ ದಿಬ್ಬಗಳ ಮೇಲೆ ಬರೆದು, ವಿಜಯನಗರ ಕಾಲದ ಸಾಮೂಹಿಕ ಸಹಗಮನಗಳ ಕಡೆಗೆ ಬೆರಳು ತೋರಿಸಿದ್ದನು. ವಿಜಯನಗರದ ಗುಂಗು ಹಿಡಿದವರಿಗೆ ಎಲ್ಲವೂ ವಿಜಯನಗರವಾಗಿ ಕಾಣುವುದು ಇಂದಿಗೂ ಇದ್ದದ್ದೇ.

ಸರಿಯಾದ ದಾರಿ ಹಿಡಿದವನು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಹುಟ್ಟಿ, 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆಯನ್ನು ಸೇರಿದ ಈತನು, 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ಹೆಸರಾದವನು. ಬಳ್ಳಾರಿ ಜಿಲ್ಲೆಯ ಗುಡ್ಡಗಳನ್ನೆಲ್ಲ ಕಾಲ್ನಡಿಗೆಯಲ್ಲಿಯೂ ಕುದುರೆಯ ಮೇಲೂ ಅಳೆದು, ಜಿಲ್ಲೆಯ ಭೂರಚನೆಯ ಮೇಲೆ ದೊಡ್ಡ ಗ್ರಂಥವನ್ನೇ ಬರೆದನು. ಇಲ್ಲಿನ ಜಿಲ್ಲಾ ಎಂಜಿನಿಯರ್ ಫ್ರೇಸರ್ ತೋರಿಸಿದ ಜಾಡು ಹಿಡಿದು, ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಕಮ್ಮಟವನ್ನು ಕಂಡನು. ಬೂದಿದಿಬ್ಬಗಳ ವಿಷಯದಲ್ಲಿ ಅವನ ತೀರ್ಮಾನ ಬಹಳ ಸರಳ: ಇದು ಸುಟ್ಟ ಸಗಣಿ. ನವಶಿಲಾಯುಗದ ದನಗಾಹಿಗಳು ಬೇಲಿ ಕಟ್ಟಿ ದನ ಕೂಡಿಹಾಕುತ್ತಿದ್ದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಬೆಂದು ಈ ದಿಬ್ಬಗಳಾಗಿವೆ. ಆಫ್ರಿಕದ ದನದ ದೊಡ್ಡಿಗಳ ವರ್ಣನೆಗಳನ್ನು ಓದಿದ್ದು ಅವನ ಊಹೆಗೆ ಒತ್ತಾಸೆಯಾಯಿತು.

ಭೀಮನ ಪರಾಕ್ರಮವನ್ನೂ ರಾಣಿಯರ ಚಿತೆಯನ್ನೂ ಕಲ್ಪಿಸಿಕೊಂಡಿದ್ದವರಿಗೆ ಸಗಣಿಯೆಂದರೆ ಹೇಗೆ ರುಚಿಸಬೇಕು? ವಾದ ಇನ್ನೂ ಅರ್ಧ ಶತಮಾನ ನಡೆಯಿತು. ಲಂಡನ್ನಿನ ಪುರಾತತ್ತ್ವ ಸಂಸ್ಥೆಯಲ್ಲಿ ಪರಿಸರ ಪುರಾತತ್ತ್ವ ವಿಭಾಗದ ಮುಖ್ಯಸ್ಥನಾಗಿದ್ದ ಫ್ರೆಡ್ರಿಕ್ ಝ್ಯೂನರ್ (ವಾಚಕರು ವಿಭಾಗದ ಹೆಸರನ್ನು ಗಮನಿಸಬೇಕು) ಬಳ್ಳಾರಿಯ ಬೂದಿಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, 1960ರಲ್ಲಿ ಫಲಿತಾಂಶ ಪ್ರಕಟಿಸಿದನು. ಹುಲ್ಲಿನಲ್ಲಿ ಮರಳಿನ ಅಂಶವಿರುತ್ತದೆ. ದನ ತಿಂದ ಹುಲ್ಲು ಸಗಣಿಯಾದರೂ ಆ ಅಂಶ ಕರಗದೆ ಉಳಿಯುತ್ತದೆ. ರಾಶಿಗೆ ಬೆಂಕಿ ಬಿದ್ದು ಕಾವು ವಿಪರೀತವಾದಾಗ ಅದೇ ಕರಗಿ ಗಾಜಿನಂಥ ಕಿಟ್ಟವಾಗುತ್ತದೆ. ಫೂಟನ ಮಾತೇ ನಿಂತಿತು. ಅದೇ ಸುಮಾರಿನಲ್ಲಿ ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸನು ಇಂದಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದು, ಬೇಲಿಯ ಗೂಟ ನೆಟ್ಟ ಕುಳಿಗಳನ್ನೂ ದನದ ಗೊರಸಿನ ಗುರುತುಗಳನ್ನೂ ತೋರಿಸಿಬಿಟ್ಟನು. ಈ ಬೆಂಕಿ ಆಕಸ್ಮಿಕವಲ್ಲ, ಕಾಲಕಾಲಕ್ಕೆ ಬೇಕೆಂದೇ ಹಚ್ಚಿದ್ದು, ಅದಕ್ಕೂ ನಮ್ಮ ಹಬ್ಬಗಳ ಬೆಂಕಿಗೂ ನಂಟಿರಬೇಕು ಎಂದು ಅವನ ಅಭಿಪ್ರಾಯ. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಇದು ದೂರದ ಮಾತೆನಿಸದು.

ಸಗಣಿಯ ರಾಶಿಯೊಂದರಿಂದ ಏನೆಲ್ಲ ತಿಳಿಯಿತು ನೋಡಿ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಲ್ಲಿ ಈ ಬಯಲಿನಲ್ಲಿ ಅಷ್ಟು ದನಗಳಿಗೆ ಸಾಕಾಗುವಷ್ಟು ಹುಲ್ಲಿತ್ತು. ಜನ ಹುಲ್ಲನ್ನು ಹಿಂಬಾಲಿಸುತ್ತಿದ್ದರು. ಬರಿಯ ಬಂಡೆಗಳ ಸೀಮೆಯೆಂದು ನಾವು ಮೂಗುಮುರಿಯುವ ಬಳ್ಳಾರಿ ಮೂಲತಃ ಹುಲ್ಲಿನ ಸೀಮೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹಕ್ಕಿಯ ವಿಷಯ ಬಂದಾಗ ಬೇಕಾಗುತ್ತದೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಈ ಓದು ನಮ್ಮವರ ಕೈಗೆ ಬಂತು. ಪುಣೆಯ ಡೆಕ್ಕನ್ ಕಾಲೇಜಿನ ವಿದ್ಯಾರ್ಥಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಅಗೆತ ನಡೆಸಿ, 1948ರಲ್ಲಿ ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳ ಮೇಲೆ ಪುಸ್ತಕ ಹೊರತಂದರು. ನೆಲದ ಸ್ವರೂಪ ಚರಿತ್ರೆಯನ್ನು ಹೇಗೆ ತಿದ್ದುತ್ತದೆಂಬುದನ್ನು ಆಮೇಲೆ ಇಡೀ ಭಾರತಕ್ಕೇ ಅನ್ವಯಿಸಿ ಬರೆದವರು ಅವರು. 1963-64ರಲ್ಲಿ ಎಂ. ಎಸ್. ನಾಗರಾಜರಾಯರು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಅಗೆದರು. ಬಂಡೆಗಳ ನಡುವೆ ದುಂಡನೆಯ ಗುಡಿಸಲು ಹಾಕಿಕೊಂಡಿದ್ದವರ ನೆಲೆ ಸಿಕ್ಕಿತು. ಆ ಗುಡಿಸಲು ಹೇಗಿದ್ದೀತೆಂದು ತಿಳಿಯುವುದಕ್ಕೆ ಅವರು ಪರದೇಶದ ಪುಸ್ತಕಗಳನ್ನು ಹುಡುಕಲಿಲ್ಲ. ಅದೇ ಊರಿನ ಬೇಡರು ಕಟ್ಟಿಕೊಳ್ಳುತ್ತಿದ್ದ ದುಂಡು ಗುಡಿಸಲುಗಳನ್ನು ನೋಡಿದರು. ಅಗೆತದಲ್ಲಿ ಕರಿಕಾದ ಹುರುಳಿಯ ಕಾಳು ದೊರೆಯಿತು.

ಈ ಶತಮಾನದಲ್ಲಿ ಕೆಲಸ ಇನ್ನೂ ಸೂಕ್ಷ್ಮವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಡೋರಿಯನ್ ಫುಲ್ಲರ್, ನಿಕೋಲ್ ಬೊಯ್ವಿನ್ ಮೊದಲಾದವರು ಸಂಗನಕಲ್ಲು-ಕಪ್ಪಗಲ್ಲು ಗುಡ್ಡಗಳಲ್ಲಿ ವರ್ಷಗಟ್ಟಲೆ ದುಡಿದರು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟ ಕಾಳು ತೇಲಿ ಬರುತ್ತದೆ. ಅದನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಜಾತಿ ಗುರುತಿಸುವುದು ಅವರ ವಿಧಾನ. ಹಾಗೆ ತೇಲಿ ಬಂದವು ಮುಖ್ಯವಾಗಿ ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಕುಲಕ್ಕೆ ಸೇರಿದ ಇನ್ನೊಂದು ಕಿರುಧಾನ್ಯ. ಗೋಧಿ ಜವೆಗೋಧಿಗಳು ಆಮೇಲೆ, ಅದೂ ಸ್ವಲ್ಪವಾಗಿ ಬಂದ ಅತಿಥಿಗಳು. ದಕ್ಷಿಣ ಭಾರತದ ಜನ ಬೇಸಾಯವನ್ನು ಯಾರಿಂದಲೋ ಎರವಲು ತಂದವರಲ್ಲ, ಇಲ್ಲಿನ ಒಣನೆಲದ ಹುಲ್ಲನ್ನೇ ಪಳಗಿಸಿ ಧಾನ್ಯ ಮಾಡಿಕೊಂಡವರು ಎಂಬ ವಾದಕ್ಕೆ ಬಳ್ಳಾರಿಯ ಈ ಕಾಳುಗಳೇ ಮುಖ್ಯ ಸಾಕ್ಷಿ. ಕೊರಲೆಯನ್ನು ಈಗ ಸಿರಿಧಾನ್ಯವೆಂಬ ಹೆಸರಿನಲ್ಲಿ ಅಂಗಡಿಯವರು ಅಂದವಾದ ಪೊಟ್ಟಣದಲ್ಲಿಟ್ಟು ಮಾರುತ್ತಾರೆ. ನಾಲ್ಕು ಸಾವಿರ ವರ್ಷದ ಹಿಂದಿನ ಬಳ್ಳಾರಿಯವನಿಗೆ ಅದು ದಿನದ ಅಂಬಲಿಯಾಗಿತ್ತು. ಒಲೆಯ ಇದ್ದಿಲನ್ನು ಸಹ ಅವರು ಬಿಡಲಿಲ್ಲ. ಇದ್ದಿಲಿನ ಎಳೆಗಳನ್ನು ನೋಡಿ ಅಂದು ಯಾವ ಯಾವ ಮರಗಳು ಇಲ್ಲಿದ್ದವೆಂದು ಗುರುತಿಸಿ, ಎಲೆನಿ ಅಸೂಟಿ ಮತ್ತು ಫುಲ್ಲರ್ 2008ರಲ್ಲಿ ದಕ್ಷಿಣ ಭಾರತದ ಮರಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಇಷ್ಟನ್ನು ಬರೆದ ಮೇಲೆ ಕನ್ನಡದವನಾಗಿ ಒಂದು ಮಾತು ಹೇಳದೆ ಇರಲಾರೆ. ನೆಲವನ್ನು ಓದುವುದನ್ನು ನಮಗೆ ಕಲಿಸಿದವರು ಸರ್ವೇಕ್ಷಣೆಯ ದೊರೆಗಳು ಮಾತ್ರವೇ ಅಲ್ಲ. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿ. ದೊಡ್ಡಬಸವೇಶ್ವರನ ಭಾರಿ ವಿಗ್ರಹವನ್ನು ನೋಡಲು ಬರುವ ಭಕ್ತರು ಅಲ್ಲಿನ ಗುಡ್ಡದಡಿಯ ಹಳೆಯ ಗುಡಿಗಳನ್ನೂ ಶಾಸನಗಳನ್ನೂ ಅಷ್ಟಾಗಿ ಗಮನಿಸುವುದಿಲ್ಲ. ಆ ಕಾಲದ ಕನ್ನಡ ದಾನಶಾಸನಗಳನ್ನು ಓದುವಾಗ ನಮ್ಮ ವಿದ್ಯಾರ್ಥಿಗಳು ರಾಜನ ಬಿರುದುಗಳಲ್ಲಿ ಮುಳುಗಿ, ಕೊನೆಯಲ್ಲಿ ಬರುವ ಭೂಮಿಯ ವಿವರವನ್ನು ಹಾರಿಸಿಬಿಡುತ್ತಾರೆ. ಸ್ವಾರಸ್ಯವಿರುವುದು ಅಲ್ಲಿ. ಎರೆಯ ನೆಲ ಬೇರೆ, ಕಿಸುಕಾಡು ಬೇರೆ, ಗದ್ದೆ ಬೇರೆ, ಬೆದ್ದಲು ಬೇರೆ, ತೋಟ ಬೇರೆ; ಎಲ್ಲೆ ಹೇಳುವಾಗ ಇಂಥ ಮರ, ಇಂಥ ಹುತ್ತ, ಇಂಥ ಹಳ್ಳ, ಇಂಥ ಬಂಡೆ ಎಂದು ಹೆಸರಿಸುವುದು. ಎರೆ ಎಂದರೆ ಕಪ್ಪು, ಕಿಸು ಎಂದರೆ ಕೆಂಪು. ಮಣ್ಣಿನ ಈ ಎರಡು ಜಾತಿಗಳ ಭೇದವೇ ಬಳ್ಳಾರಿಯ ಬೇಸಾಯದ ಮೂಲಸೂತ್ರ. ಈ ಭೇದವನ್ನು ಮರೆತಾಗ ಏನಾಯಿತೆಂಬುದಕ್ಕೆ ಈಚಿನ ಒಂದು ನಿದರ್ಶನವಿದೆ.

1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಬಳ್ಳಾರಿ ಜಿಲ್ಲೆಯನ್ನು ಬರಿದುಮಾಡಿತು. ಒಣಸೀಮೆಯ ಬೇಸಾಯವನ್ನು ಶಾಸ್ತ್ರೀಯವಾಗಿ ತಿಳಿಯದೆ ಗತಿಯಿಲ್ಲವೆಂದು ಸರಕಾರಕ್ಕೆ ಅರಿವಾದದ್ದು ಅಂಥ ಬರಗಳ ಫಲವಾಗಿ. ಮದ್ರಾಸು ಸರಕಾರ 1906ರಲ್ಲಿ ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. 1930ರ ದಶಕದಲ್ಲಿ ಒಣಬೇಸಾಯದ ಅಖಿಲ ಭಾರತ ಯೋಜನೆಗೆ ಸೊಲ್ಲಾಪುರ, ಬಿಜಾಪುರ, ರಾಯಚೂರುಗಳ ಜೊತೆಗೆ ಹಗರಿಯನ್ನೂ ಆರಿಸಿಕೊಂಡರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ಮರುವರ್ಷ, 1954ರಲ್ಲಿ, ಕೇಂದ್ರ ಸರಕಾರ ಬಳ್ಳಾರಿ ನಗರದಲ್ಲಿ ಮಣ್ಣಿನ ಸಂರಕ್ಷಣೆಯ ಸಂಶೋಧನೆ, ಪ್ರಾತ್ಯಕ್ಷಿಕೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿತು. ದೆಹರಾದೂನ್, ಉದಕಮಂಡಲ, ಕೋಟಾ, ವಾಸದ್ ಮುಂತಾದ ಕಡೆಗಳ ಕೇಂದ್ರಗಳ ಮಾಲಿಕೆಯಲ್ಲಿ ಕಪ್ಪುಮಣ್ಣಿನ ಪಾಲು ನಮ್ಮ ಊರಿಗೆ ಬಂತು. ಸಂರಕ್ಷಣೆಯ ಪಾಠ ಕಲಿಯುವುದಕ್ಕಾಗಿಯೇ ಬೇರೆ ಬೇರೆ ರಾಜ್ಯಗಳ ಜನ ಬಳ್ಳಾರಿಗೆ ಬರುತ್ತಿದ್ದರೆಂಬುದನ್ನು ಇಂದಿನ ವಿದ್ಯಾರ್ಥಿಗಳು ಕೇಳಿಯೂ ಇಲ್ಲ.

ಆ ಕಾಲದಲ್ಲಿ ಎಲ್ಲೆಲ್ಲೂ ಒಡ್ಡು ಹಾಕುವ ಉತ್ಸಾಹ. ಇಳಿಜಾರಿಗೆ ಅಡ್ಡವಾಗಿ ಸಮಪಾತಳಿಯಲ್ಲಿ ಒಡ್ಡು ಹಾಕಿದರೆ ನೀರು ನಿಂತು ಇಂಗುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ ಎಂಬ ತರ್ಕ ಕೆಂಪುನೆಲಕ್ಕೆ ಸರಿಯೇ. ಅದನ್ನೇ ಎರೆಭೂಮಿಗೂ ಹೂಡಿದರು. ಎರೆಮಣ್ಣು ಒಮ್ಮೆ ನೆನೆಯಿತೆಂದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಮೇಲಿನ ನೀರು ಇಂಗುವುದಿಲ್ಲ. ಒಡ್ಡಿನ ಹಿಂದೆ ನೀರು ನಿಂತು ಪೈರು ಕೊಳೆಯಿತು. ಬೇಸಿಗೆಯಲ್ಲಿ ಅದೇ ಮಣ್ಣಿನ ಒಡ್ಡು ಕೈ ತೂರುವಷ್ಟು ಬಿರುಕುಬಿಟ್ಟು, ಮುಂದಿನ ಮಳೆಗೆ ಬಿರುಕಿನಲ್ಲೇ ನೀರು ನುಗ್ಗಿ ಒಡೆಯಿತು. ಒಂದು ಒಡ್ಡು ಒಡೆದರೆ ಅದರ ನೀರೆಲ್ಲ ಕೆಳಗಿನ ಒಡ್ಡಿನ ಮೇಲೆ. ಎಷ್ಟೋ ಕಡೆ ರೈತರೇ ಒಡ್ಡು ಕಡಿದು ನೀರು ಹೊರಗೆ ಬಿಟ್ಟರು. ಅವರನ್ನು ಅಜ್ಞಾನಿಗಳೆಂದು ಬೈದದ್ದೂ ಆಯಿತು. ಬಳ್ಳಾರಿಯ ಕೇಂದ್ರ ವರ್ಷಾನುವರ್ಷ ಪ್ರಯೋಗ ನಡೆಸಿ, ಆಳವಾದ ಎರೆಭೂಮಿಗೆ ಸಮಪಾತಳಿಯ ಒಡ್ಡು ಒಗ್ಗದು, ಹೆಚ್ಚಿನ ನೀರು ಮೆಲ್ಲಗೆ ಹರಿದುಹೋಗುವಂತೆ ಅಲ್ಪ ಇಳಿಜಾರಿನ ಬದು ಬೇಕು, ಹಾಗೆ ಹರಿದುಬಂದ ನೀರನ್ನು ಹೊಂಡದಲ್ಲಿ ಹಿಡಿದಿಟ್ಟು ಪೈರು ಬಾಡುವ ಹೊತ್ತಿಗೆ ಒಂದು ಸಲ ಉಣಿಸಬೇಕು ಎಂದು ತೋರಿಸಿಕೊಟ್ಟಿತು. ಜೋಳದರಾಶಿಯ ಹೊಲಗಳಲ್ಲಿ ಜಲಾನಯನದ ಕೆಲಸ ನಡೆಯಿತು. ಸಾಹಿತ್ಯಾಸಕ್ತರಿಗೆ ಆ ಊರು ದೊಡ್ಡನಗೌಡರ ಗಮಕ, ನಾಟಕಗಳಿಂದ ಪರಿಚಿತ. ಮಣ್ಣಿನ ವಿಜ್ಞಾನಿಗಳಿಗೆ ಅದು ಬೇರೊಂದು ಕಾರಣಕ್ಕೆ ಪರಿಚಿತ. ಸಂಶೋಧನೆಯೆಂದರೆ ನನಗೆ ಇದೇ. ಸರಕಾರದ್ದೇ ಸಂಸ್ಥೆಯೊಂದು ಸರಕಾರದ್ದೇ ಪದ್ಧತಿಯನ್ನು ತಪ್ಪೆಂದು ಅಳೆದು ತೋರಿಸಿ, ಒಡ್ಡು ಕಡಿದ ರೈತನ ಪಕ್ಷಕ್ಕೆ ಪುರಾವೆ ಒದಗಿಸಿತು.

ಸಿರುಗುಪ್ಪದ ಕಥೆ ಬೇರೆ. ತುಂಗಭದ್ರೆಯ ದಡದ ಆ ಊರನ್ನು ಸಿರಿಯ ಕುಪ್ಪೆಯೆಂದು ಬಿಡಿಸಿ ಹೇಳುತ್ತಾರೆ. ವಿಜಯನಗರದ ಕಾಲದಿಂದ ಅಲ್ಲಿ ಕಾಲುವೆಯ ಗದ್ದೆಗಳಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದ ಮೇಲೆ ಎರೆಹೊಲಗಳ ಬಹುಭಾಗ ಬತ್ತದ ಗದ್ದೆಯಾಯಿತು. ಬರದ ಭಯ ಹೋಯಿತು, ಮನೆಗಳು ತುಂಬಿದವು. ಇದನ್ನು ಕೀಳುಮಾಡಿ ಮಾತಾಡುವವರು ಬರವನ್ನು ಕಾಣದವರು. ಆದರೆ ನೀರು ಹೆಚ್ಚಾದ ಕಡೆ ಸವಳು ಜವುಳುಗಳೂ ಬಂದವು. ಎರೆಮಣ್ಣು ಬಾಯಿ ಮುಚ್ಚಿಕೊಳ್ಳುವ ಸ್ವಭಾವದ್ದೆಂದು ಮೇಲೆ ಹೇಳಿದೆನಷ್ಟೆ.

ಕಾಲುವೆಯ ನೀರು ಮುಟ್ಟದೆ ಉಳಿದ ಎರೆಹೊಲಗಳಲ್ಲಿ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಪಕ್ಷಿಪ್ರಿಯರಿಗೆ ಒಂದು ಸೋಜಿಗ ಕಂಡಿತು. ಎರ್ಲಡ್ಡು ಎಂದು ಈ ಕಡೆ ಕರೆಯುವ, ಬೇರೆಡೆ ಎರೆಭೂತವೆನ್ನುವ ಭಾರಿ ಹಕ್ಕಿ ಅದು. ಎರಡು ಹೆಸರಿನಲ್ಲೂ ಎರೆಯೇ ಇರುವುದನ್ನು ನೋಡಿ. ಹಕ್ಕಿಯ ನೆಲೆ ಯಾವುದೆಂದು ಹೆಸರೇ ಹೇಳುತ್ತದೆ. ಗಂಡುಹಕ್ಕಿ ಒಂದು ಮೀಟರಿನಷ್ಟು ಎತ್ತರ, ಹದಿನೈದು ಕಿಲೋವರೆಗೂ ತೂಕ. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳ ಪಂಕ್ತಿಯದು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದನ್ನೂ ಬರಿನೆಲದ ಮೇಲೆ ಇಡುತ್ತದೆ. ಎದುರಿನ ತಂತಿಯನ್ನು ದೂರದಿಂದ ಕಾಣಲಾರದ ಕಣ್ಣು. ಭಾರತದ ರಾಷ್ಟ್ರಪಕ್ಷಿಯನ್ನಾಗಿ ಇದನ್ನೇ ಆರಿಸಬೇಕೆಂದು ಸಲೀಂ ಅಲಿಯವರ ಆಸೆಯಿತ್ತು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. 2011ರಲ್ಲಿ ಅಂತಾರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಇದನ್ನು ಅಳಿವಿನ ತೀರ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿತು. ಉಳಿದಿರುವವು ನೂರರ ಲೆಕ್ಕದಲ್ಲಿ, ಬಹುಪಾಲು ರಾಜಸ್ಥಾನದಲ್ಲಿ. ಹಾಗಿರುವಾಗ ಸಿರುಗುಪ್ಪದ ಕಡಲೆ, ಜೋಳ, ಹತ್ತಿಯ ಹೊಲಗಳಲ್ಲಿ ಬೆರಳೆಣಿಕೆಯಷ್ಟಾದರೂ ಕಂಡದ್ದು ಸಣ್ಣ ಮಾತಲ್ಲ.

ಇಲ್ಲಿ ಒಂದು ಗೊಡವೆಯಿದೆ. ಕಾಡಿಗೆ ಕಾನೂನಿನ ಬೇಲಿಯುಂಟು, ಗದ್ದೆಗೆ ಮಾಲೀಕನುಂಟು. ಹುಲ್ಲು ಬೆಳೆಯುವ ಬಯಲಿಗೆ ಯಾರೂ ಇಲ್ಲ. ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ತೆರಿಗೆ ಹುಟ್ಟದ ನೆಲವೆಲ್ಲ ಪಾಳುಭೂಮಿ. ಸ್ವತಂತ್ರ ಭಾರತದ ಪಾಳುಭೂಮಿಯ ನಕ್ಷೆಗಳಲ್ಲಿಯೂ ಕುರುಚಲು ಬಯಲಿಗೆ ಅದೇ ಹಣೆಪಟ್ಟಿ. ಪಾಳೆಂದ ಮೇಲೆ ಅಲ್ಲಿ ಕಾರ್ಖಾನೆ ಬಂದರೇನು, ಗಾಳಿಯಂತ್ರ ನಿಂತರೇನು, ಹೈಟೆನ್ಷನ್ ತಂತಿ ಹಾದರೇನು? ಎರ್ಲಡ್ಡು ಮಾತ್ರವಲ್ಲ, ಕೃಷ್ಣಮೃಗ, ತೋಳ, ನರಿ, ಕುರುಬರ ಕುರಿಮಂದೆ ಎಲ್ಲವೂ ಈ ಪಾಳಿನ ಒಕ್ಕಲುಗಳೇ. ಬೂದಿದಿಬ್ಬಗಳನ್ನು ಬಿಟ್ಟುಹೋದ ದನಗಾಹಿಗಳೂ ಇದೇ ಪಾಳಿನಲ್ಲಿ ಬದುಕಿ ಒಂದು ನಾಗರಿಕತೆಗೆ ಬುನಾದಿ ಹಾಕಿದವರು. ಸಂಡೂರಿನ ಗಣಿಯ ಪ್ರಕರಣ, 2011ರ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟಿನ ತಡೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಗುಡ್ಡ ಕರಗುವುದು ಕಣ್ಣಿಗೆ ಕಾಣುತ್ತದೆ. ಹುಲ್ಲು ಹೋಗುವುದು ಕಾಣುವುದಿಲ್ಲ.

ಇನ್ನು ವಿಶ್ವವಿದ್ಯಾನಿಲಯದ ಓದಿನ ಮಾತು. 1983ರಲ್ಲಿ ಮಾಧವ ಗಾಡ್ಗೀಳರ ಪ್ರಯತ್ನದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ಹುಟ್ಟಿತು. ಎಂ. ಸಿ. ಮೆಹ್ತಾ ಎಂಬ ವಕೀಲರು ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು, ಪರಿಸರವನ್ನು ಎಲ್ಲ ಹಂತಗಳಲ್ಲೂ ಕಡ್ಡಾಯವಾಗಿ ಕಲಿಸಬೇಕೆಂದು ಆಜ್ಞೆಮಾಡಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಐವತ್ತು ಪಾಠಗಳ ಒಂದು ಪಠ್ಯಕ್ರಮವನ್ನು ರೂಪಿಸಿತು. 2010ರಲ್ಲಿ ಬಳ್ಳಾರಿಗೆ ಅದರದೇ ಆದ ವಿಶ್ವವಿದ್ಯಾಲಯ ಬಂತು. ಕೃಷ್ಣದೇವರಾಯನ ಹೆಸರನ್ನೂ ಇಟ್ಟರು. 2023ರಲ್ಲಿ ಆಯೋಗ ಹೊಸ ಮಾರ್ಗಸೂಚಿಗಳನ್ನೂ ಹೊರಡಿಸಿದೆ.

ಆ ಐವತ್ತು ಪಾಠಗಳ ಪಠ್ಯದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಕೊನೆಯ ಘಟಕ. ಐದು ಗಂಟೆಗಳನ್ನು ಕೊಠಡಿಯ ಹೊರಗೆ ಕಳೆಯಬೇಕು; ಹತ್ತಿರದ ನದಿ, ಕಾಡು, ಹುಲ್ಲುಗಾವಲು ಅಥವಾ ಗುಡ್ಡವನ್ನು ನೋಡಿ ಬರೆದುಕೊಂಡು ಬರಬೇಕು ಎಂದು ಅದು ವಿಧಿಸಿತ್ತು. ಹುಲ್ಲುಗಾವಲು ಎಂಬ ಶಬ್ದ ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಎಷ್ಟೋ ಕಾಲೇಜುಗಳಲ್ಲಿ ಪರಿಸರವೆಂಬುದು ಪಾಸಾಗುವಷ್ಟು ಅಂಕ ತೆಗೆದು ಮರೆಯುವ ವಿಷಯವಾಯಿತು. ನಮ್ಮ ಹುಡುಗರು ಅಮೆಜಾನಿನ ಮಳೆಕಾಡಿನ ಬಗ್ಗೆ ಐದು ಅಂಕದ ಉತ್ತರ ಬರೆಯಬಲ್ಲರು. ಕುಡತಿನಿಯ ದಿಬ್ಬವನ್ನು ಬಸ್ಸಿನ ಕಿಟಕಿಯಿಂದಲೂ ನೋಡಿಲ್ಲ.

ಐದು ಗಂಟೆ ಬಳ್ಳಾರಿಗೆ ಧಾರಾಳವಾಗಿ ಸಾಕು. ಸಂಗನಕಲ್ಲು ಊರ ಮಗ್ಗುಲಲ್ಲೇ ಇದೆ. ಹಿರೇಗುಡ್ಡದ ಕರಿಬಂಡೆಗಳ ಮೇಲೆ ಇಣಿಯೆತ್ತಿದ ಗೂಳಿಗಳನ್ನೂ ಮನುಷ್ಯರನ್ನೂ ಕುಟ್ಟಿ ಬಿಡಿಸಿದ ಚಿತ್ರಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡುತ್ತವೆ; ಯಾರೋ ಎಂದೋ ಮತ್ತೆ ಮತ್ತೆ ತಟ್ಟಿ ಮೂಡಿಸಿದ ಕುಳಿಗಳು ಅವುಗಳ ಮೇಲಿವೆ. ಕಲ್ಲು ಗಣಿಗಾರಿಕೆ ಈ ಗುಡ್ಡಕ್ಕೂ ಕೈಹಾಕಿದೆಯೆಂದು ಬೊಯ್ವಿನ್ 2004ರಲ್ಲೇ ಎಚ್ಚರಿಸಿದ್ದರು. ಸಿಕ್ಕಿದ ಕೊಡಲಿಗಳನ್ನೂ ಮಡಕೆಗಳನ್ನೂ ನೋಡಬೇಕಾದರೆ ನಗರದಲ್ಲಿ ಫೂಟನ ಹೆಸರನ್ನೂ ಸಂಗನಕಲ್ಲಿನ ಹೆಸರನ್ನೂ ಕೂಡಿಸಿ ಇಟ್ಟ ವಸ್ತುಸಂಗ್ರಹಾಲಯವಿದೆ. ಗುಡ್ಡಕ್ಕೆ ಹೋಗುವವರು ಬೆಳಗಿನ ಜಾವವೇ ಹೊರಡುವುದು ಲೇಸು. ಹತ್ತು ಗಂಟೆಯಾಯಿತೆಂದರೆ ಬಂಡೆ ಕಾದು ಕಾಲಿಡಗೊಡಿಸುವುದಿಲ್ಲ.